ಹರೆಯದವರ ಕಾಲಯಾನ ಕಾದಂಬರಿ

ಈಗಿನ ಕಾಲದ ಹುಡುಗಿಯೋ ಹುಡುಗನೋ ಹಿಂದಿನ ಯಾವುದೋ ಶತಮಾನಕ್ಕೆ ಜಾರಿ, ಅಲ್ಲಿನವರ ನಡುವೆ ಕೆಲಕಾಲ ಬಾಳಿ, ಅವರಲ್ಲೊಬ್ಬರಿಗೆ ಮನಸೋತು, ಕೊನೆಗೆ ಅಲ್ಲಿಯೇ ಉಳಿಯುವುದೋ ತನ್ನ ಕಾಲಕ್ಕೆ ಮರಳುವುದೋ ಎಂಬ ಇಕ್ಕಟ್ಟಿಗೆ ಸಿಲುಕುವ ವಸ್ತುವುಳ್ಳ ಕಾದಂಬರಿ ಪ್ರಕಾರ. ಕಾಲಯಾನವೆಂದರೆ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಹೋಗಿಬರುವ ಕಲ್ಪನೆ; ಹರೆಯದವರ ಸಾಹಿತ್ಯವೆಂದರೆ ಪ್ರಕಾಶಕರು ಯಂಗ್ ಅಡಲ್ಟ್ ಎಂಬ ಹೆಸರಿನಲ್ಲಿ ಹೊರತರುವ, ಸುಮಾರು ಹನ್ನೆರಡರಿಂದ ಹದಿನೆಂಟು ವರ್ಷದ ಓದುಗರನ್ನು ಉದ್ದೇಶಿಸಿದ, ಬಹುಮಟ್ಟಿಗೆ ಅದೇ ವಯಸ್ಸಿನ ನಾಯಕ ನಾಯಕಿಯರುಳ್ಳ ಬರವಣಿಗೆ. ಈ ಎರಡು ಸೇರಿದಲ್ಲಿ ಇತಿಹಾಸ ಮತ್ತು ಪ್ರೇಮ ಎಂಬ ಮತ್ತೆರಡು ಎಳೆಗಳು ಬಂದು ಹೆಣೆದುಕೊಂಡಾಗ ಹುಟ್ಟಿದ ಈ ಪ್ರಕಾರವು ಇಂಗ್ಲೆಂಡಿನ ಮಕ್ಕಳ ಸಾಹಿತ್ಯದಲ್ಲಿ ಮೊಳೆತು, ಆಸ್ಟ್ರೇಲಿಯಾ, ಜರ್ಮನಿ, ಅಮೆರಿಕಗಳಲ್ಲಿ ಬೆಳೆದು, ಜಪಾನ್ ಮತ್ತು ಚೀನಾಗಳಲ್ಲಿ ಬೇರೆಯದೇ ಆದ ರೂಪ ತಳೆದಿದೆ.

ಐತಿಹಾಸಿಕ ಕಾದಂಬರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ ಓದುಗರು ತ.ರಾ.ಸುಬ್ಬರಾಯರ ‘ದುರ್ಗಾಸ್ತಮಾನ’ವನ್ನು ನೆನೆದರೆ ಸುಲಭವಾಗಿ ಗುರುತಿಸಬಹುದು. ಚಿತ್ರದುರ್ಗದ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರುತ್ತದೆಂಬುದು ಓದುಗನಿಗೆ ಗೊತ್ತು, ಮದಕರಿ ನಾಯಕನಿಗೆ ಗೊತ್ತಿಲ್ಲ. ಆ ಕಾದಂಬರಿಯ ಒಳಗೆ ಯಾರಿಗೂ ಗೊತ್ತಿಲ್ಲ. ಕಾಲಯಾನದ ಕಾದಂಬರಿಯಲ್ಲಿ ಓದುಗನ ಆ ತಿಳಿವಳಿಕೆಯನ್ನು ಪಾತ್ರವೊಂದರ ತಲೆಯೊಳಗೇ ಇಡಲಾಗುತ್ತದೆ. ಕೋಟೆ ಬೀಳುವುದನ್ನು ಬಲ್ಲವಳು ಕೋಟೆಯೊಳಗೆ ನಿಂತಿರುತ್ತಾಳೆ, ಬೀಳುವ ಮೊದಲು ಅಲ್ಲಿನ ಅಡುಗೆಮನೆಯಲ್ಲಿ ಉಣ್ಣುತ್ತಾಳೆ, ಅಲ್ಲಿನವರ ಹೆಸರು ಹಿಡಿದು ಕರೆಯುತ್ತಾಳೆ. ಅವರಲ್ಲೊಬ್ಬರ ಮೇಲೆ ಪ್ರೀತಿ ಮೂಡಿದಾಗ ಪಠ್ಯಪುಸ್ತಕದ ಇಸವಿಯೊಂದು ಒಬ್ಬ ವ್ಯಕ್ತಿಯ ಸಾವಿನ ದಿನವಾಗಿ ಬದಲಾಗುತ್ತದೆ. ಈ ಪ್ರಕಾರದಲ್ಲಿ ಪ್ರೇಮಕ್ಕಿರುವ ಸ್ಥಾನ ಇದು. ಕಥೆಗೆ ಸಿಹಿ ಬೆರೆಸಲೆಂದು ಅದು ಬಂದದ್ದಲ್ಲ. ಹಿಂದಿನವರೂ ತಮ್ಮ ನಾಳೆಯನ್ನು ಅರಿಯದೆ ಬದುಕಿದವರೆಂಬ ಸತ್ಯವನ್ನು ಹದಿನೈದರ ವಯಸ್ಸಿನ ಓದುಗರಿಗೆ ಮುಟ್ಟಿಸಲು ಇದಕ್ಕಿಂತ ನೇರವಾದ ದಾರಿ ಸಾಹಿತ್ಯದಲ್ಲಿ ಇನ್ನೊಂದಿರಲಾರದು.

ವೈಜ್ಞಾನಿಕ ಕಥೆಗಳಲ್ಲಿ ಕಾಲಯಾನಕ್ಕೆ ಯಂತ್ರ ಬೇಕು. ಎಚ್.ಜಿ. ವೆಲ್ಸ್‌ನ ‘ದಿ ಟೈಮ್ ಮಷಿನ್’ (1895) ಆ ಕಲ್ಪನೆಗೆ ನೆಲೆ ಕೊಟ್ಟ ಕೃತಿ. ಹರೆಯದವರ ಕಾದಂಬರಿಯಲ್ಲಾದರೋ ಯಂತ್ರ ಅಪರೂಪ. ಹಳೆಯ ಮನೆಯ ಬಾಗಿಲು, ಮಂಚ, ಗಡಿಯಾರ, ಉಡುಪಿನ ಅಂಚು, ಕೈಯಿಂದ ಬರೆದ ಭೂಪಟ ಮುಂತಾದ ದಿನಬಳಕೆಯ ವಸ್ತುಗಳೇ ಅಲ್ಲಿ ದಾರಿಯಾಗುತ್ತವೆ. ಹಿಂದಿನವರ ಕೈ ತಾಗಿದ ವಸ್ತುವು ಇಂದಿನವರ ಕೈಗೆ ಬಂದಾಗ ಎರಡು ಕಾಲಗಳು ಅಲ್ಲಿ ಒಂದನ್ನೊಂದು ಮುಟ್ಟುತ್ತವೆಂಬ ಭಾವನೆ ಇದರ ಹಿಂದಿದೆ. ದಾರಿ ಯಾವುದೇ ಇರಲಿ, ಲೇಖಕರು ಮೊದಲೇ ತೀರ್ಮಾನಿಸಬೇಕಾದ ಪ್ರಶ್ನೆ, ನಡೆದುಹೋದದ್ದನ್ನು ಬದಲಿಸಲು ಸಾಧ್ಯವೇ ಎಂಬುದು. ಸಾಧ್ಯವೆಂದರೆ, ತನ್ನ ತಾತನನ್ನು ಮದುವೆಗೆ ಮೊದಲೇ ಕೊಂದವನು ತಾನು ಹುಟ್ಟುವುದು ಹೇಗೆ ಎಂಬ, ತಾತನ ವಿರೋಧಾಭಾಸವೆಂದು ಪ್ರಸಿದ್ಧವಾದ ತೊಡಕು ಎದುರಾಗುತ್ತದೆ. ಈ ತೊಡಕಿನಿಂದ ಪಾರಾಗಲು ಕೆಲವರು ಬದಲಾವಣೆಯಾದ ಕ್ಷಣದಿಂದ ಇತಿಹಾಸ ಕವಲೊಡೆಯುತ್ತದೆಂದು ಕಲ್ಪಿಸುತ್ತಾರೆ. ಉಳಿದವರು ಕಾಲ ಬದಲಾಗದು, ಯಾತ್ರಿಕಳು ಮಾಡಿದ್ದೆಲ್ಲ ಮೊದಲೇ ನಡೆದುಹೋದದ್ದರ ಭಾಗ ಎನ್ನುತ್ತಾರೆ. ಪ್ರಕಾರದ ಉತ್ತಮ ಕೃತಿಗಳಲ್ಲಿ ಹೆಚ್ಚಿನವು ಎರಡನೆಯ ದಾರಿಯವು. ಇತಿಹಾಸವನ್ನು ಸಲೀಸಾಗಿ ತಿದ್ದಬಹುದಾದಲ್ಲಿ ಸತ್ತವರಿಗಾಗಿ ಮರುಗುವ ಅಗತ್ಯವೇ ಉಳಿಯುವುದಿಲ್ಲ, ಪ್ರೇಮಕ್ಕೂ ತೂಕ ಇರುವುದಿಲ್ಲ.

ಕಾಲದ ಅಂತರವನ್ನು ದಾಟಿದ ದಾಂಪತ್ಯದ ಕಲ್ಪನೆ ಭಾರತಕ್ಕೆ ಹೊಸದಲ್ಲ. ಭಾಗವತದ ಕಕುದ್ಮಿ ರಾಜನು ಮಗಳು ರೇವತಿಗೆ ವರನನ್ನು ಕೇಳಲು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗಿ, ಗಾನ ಮುಗಿಯುವವರೆಗೆ ಅರೆಗಳಿಗೆ ಕಾದು ನಿಂತಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೆಲ್ಲ ಮಕ್ಕಳು ಮೊಮ್ಮಕ್ಕಳ ಸಹಿತ ಅಳಿದುಹೋಗಿರುತ್ತಾರೆ. ಮರಳಿ ಬಂದ ರೇವತಿ ಬಲರಾಮನ ಕೈಹಿಡಿಯುತ್ತಾಳೆ. ಈ ಕಥೆಯಲ್ಲಿ ಪಯಣ ಮುಂದಕ್ಕೆ. ಹಿಂದಕ್ಕೆ ಹೋಗುವ ಪಯಣವು ಕಾದಂಬರಿಯಲ್ಲಿ ಬಲವಾಗಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಮಾರ್ಕ್ ಟ್ವೇನ್ 1889ರಲ್ಲಿ ಅಮೆರಿಕದ ಕಾರ್ಖಾನೆಯ ಮೇಸ್ತ್ರಿಯೊಬ್ಬನನ್ನು ಆರ್ಥರ್ ರಾಜನ ಆಸ್ಥಾನಕ್ಕೆ ಕಳಿಸಿದನು, ಈ. ನೆಸ್ಬಿಟ್ 1906ರ ‘ದಿ ಸ್ಟೋರಿ ಆಫ್ ದಿ ಆಮ್ಯುಲೆಟ್’ನಲ್ಲಿ ಮೊದಲ ಬಾರಿಗೆ ಮಕ್ಕಳನ್ನೇ ತಾಯಿತವೊಂದರ ಬಲದಿಂದ ಈಜಿಪ್ಟ್, ಬ್ಯಾಬಿಲೋನ್‌ಗಳಿಗೆ ಕರೆದೊಯ್ದಳು. ನೆಸ್ಬಿಟ್‌ಳ ಮಕ್ಕಳು ನೋಡಿ ಬರುತ್ತಾರೆ, ಆದರೆ ಯಾರಿಗೂ ಮನಸ್ಸು ಕೊಟ್ಟು ಬರುವುದಿಲ್ಲ. ಪ್ರೀತಿಯ ಎಳೆ ವಯಸ್ಕರ ಸಾಹಿತ್ಯದಿಂದ ಬಂತು: ಹೆನ್ರಿ ಜೇಮ್ಸ್ ಅಪೂರ್ಣವಾಗಿ ಬಿಟ್ಟುಹೋದ, 1917ರಲ್ಲಿ ಪ್ರಕಟವಾದ ‘ದಿ ಸೆನ್ಸ್ ಆಫ್ ದಿ ಪಾಸ್ಟ್’ ಮತ್ತು ಅದನ್ನಾಧರಿಸಿದ ‘ಬರ್ಕ್ಲಿ ಸ್ಕ್ವೇರ್’ ಎಂಬ ನಾಟಕದಲ್ಲಿ ಇಪ್ಪತ್ತನೆಯ ಶತಮಾನದ ಯುವಕನೊಬ್ಬ ಹಿಂದಿನ ಕಾಲದ ಲಂಡನ್ ಮನೆಯ ತರುಣಿಯನ್ನು ಒಲಿಯುತ್ತಾನೆ.

ಈ ಎಲ್ಲ ಎಳೆಗಳು ಮೊದಲು ಒಂದಾದದ್ದು ಆಲಿಸನ್ ಅಟ್ಲಿಯ ‘ಎ ಟ್ರಾವೆಲರ್ ಇನ್ ಟೈಮ್’ (1939) ಕಾದಂಬರಿಯಲ್ಲಿ. ಅಟ್ಲಿ (1884–1976) ಡರ್ಬಿಶೈರ್ ಪ್ರಾಂತದ ಕ್ರಾಮ್‌ಫರ್ಡ್ ಬಳಿಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದು, 1906ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಪದವಿ ಪಡೆದ, ಆ ಕಾಲಕ್ಕೆ ಅತ್ಯಂತ ವಿರಳವಾದ ಸಾಧನೆಯ ಹೆಣ್ಣುಮಗಳು. ಕಾಲವನ್ನು ಕುರಿತ ಹೊಸ ಭೌತಶಾಸ್ತ್ರೀಯ ವಿಚಾರಗಳನ್ನು ಅರಿಯಬಲ್ಲವಳಾದರೂ ಆಕೆ ಕಾದಂಬರಿಯಲ್ಲಿ ಸಿದ್ಧಾಂತವನ್ನು ತರದೆ, ತನ್ನ ಕನಸುಗಳಿಂದಲೇ ಅನೇಕ ಸನ್ನಿವೇಶಗಳನ್ನು ಪಡೆದುದಾಗಿ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾಳೆ. ಲಂಡನ್ನಿನ ಪೆನೆಲೊಪಿ ಎಂಬ ಹುಡುಗಿ ಆರೋಗ್ಯ ಸುಧಾರಣೆಗಾಗಿ ಥ್ಯಾಕರ್ಸ್ ಎಂಬ ಹಳ್ಳಿಮನೆಗೆ, ತಾಯಿಯ ಕಡೆಯ ಹಿರಿಯರ ಬಳಿಗೆ ಬರುತ್ತಾಳೆ. ಅಲ್ಲಿ ಬಾಗಿಲೊಂದನ್ನು ತೆರೆದಾಗ ಕಾಣುವುದು ಹದಿನಾರನೆಯ ಶತಮಾನದ ಉಡುಗೆಯ ಹೆಂಗಸರು. ಆ ಮನೆ ಆಗ ಬ್ಯಾಬಿಂಗ್ಟನ್ ಮನೆತನದ್ದು. ಪೆನೆಲೊಪಿಯ ಪೂರ್ವಜರು ಅಲ್ಲಿನ ಅಡುಗೆಮನೆಯ ಕೆಲಸದವರು. ಮನೆಯೊಡೆಯ ಆಂಟನಿ ಬ್ಯಾಬಿಂಗ್ಟನ್ ನಿಜವಾದ ಐತಿಹಾಸಿಕ ವ್ಯಕ್ತಿ. ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಬಿಡಿಸಲು ಸಂಚು ಹೂಡಿ, ಸಿಕ್ಕಿಬಿದ್ದು, 1586ರ ಸೆಪ್ಟೆಂಬರಿನಲ್ಲಿ ಮರಣದಂಡನೆಗೆ ಗುರಿಯಾದವನು. ಮೇರಿಯ ಶಿರಚ್ಛೇದ 1587ರ ಫೆಬ್ರುವರಿ 8ರಂದು ನಡೆಯಿತು. ಕಾದಂಬರಿಯ ಥ್ಯಾಕರ್ಸ್‌ಗೆ ಮೂಲ, ಅಟ್ಲಿಯ ತವರಿಗೆ ಹತ್ತಿರದಲ್ಲೇ ಇರುವ ಡೆಥಿಕ್ ಎಂಬ ಊರಿನ ಬ್ಯಾಬಿಂಗ್ಟನ್ ಮನೆ.

ಹತ್ತಿರದ ವಿಂಗ್‌ಫೀಲ್ಡ್ ಬಂಗಲೆಯಲ್ಲಿ ಮೇರಿಯನ್ನು ಇರಿಸಿದಾಗ ನೆಲದಡಿಯ ಸುರಂಗದಿಂದ ಅವಳನ್ನು ಹೊರತರುವ ಯೋಜನೆಯ ಸುತ್ತ ಕಥೆ ಬೆಳೆಯುತ್ತದೆ. ಪೆನೆಲೊಪಿಗೆ ಎಲ್ಲರ ಕೊನೆಯೂ ಗೊತ್ತು. ಆದರೆ ಆ ಕಾಲದೊಳಗೆ ಇರುವಾಗ ಅವಳ ತಿಳಿವಳಿಕೆ ಮಸುಕಾಗುತ್ತದೆ. ನೆನಪು ಮರಳಿ ಬಾಯಿಂದ ಮಾತು ಜಾರಿದರೂ ಅದು ಸಂಚಿನ ದಿಕ್ಕನ್ನು ಬದಲಿಸುವುದಿಲ್ಲ. ಆಂಟನಿಯ ತಮ್ಮ ಫ್ರಾನ್ಸಿಸ್‌ಗೂ ಅವಳಿಗೂ ನಡುವೆ ಬೆಳೆಯುವ ಒಲವು ಹೆಸರು ಹೇಳಿಕೊಳ್ಳದ ಒಲವು. ಇಬ್ಬರೂ ಅದನ್ನು ಅರಿತಿರುತ್ತಾರೆ, ಅದಕ್ಕೆ ನಾಳೆ ಇಲ್ಲವೆಂಬುದನ್ನೂ ಅರಿತಿರುತ್ತಾರೆ. ಕೃತಿಯ ಶಕ್ತಿ ಇರುವುದು ಅಡುಗೆಮನೆಯಲ್ಲಿ. ಗಿಡಮೂಲಿಕೆಗಳ ವಾಸನೆ, ಒಲೆಯ ಬೆಂಕಿ, ಹಿಟ್ಟು ನಾದುವ ಕೈ, ಕೆಲಸದಾಳುಗಳ ಆಡುಮಾತು, ಇವೆಲ್ಲ ಮುನ್ನೂರೈವತ್ತು ವರ್ಷ ಕಳೆದರೂ ಅದೇ ಮನೆಯಲ್ಲಿ ಹೆಚ್ಚು ಕಡಿಮೆ ಹಾಗೆಯೇ ಉಳಿದಿರುವುದರಿಂದ ಒಂದು ಕಾಲದಿಂದ ಇನ್ನೊಂದಕ್ಕೆ ಹೆಜ್ಜೆ ಇಡುವುದು ಅಲ್ಲಿ ಅಸಹಜವೆನಿಸುವುದಿಲ್ಲ. ರಾಜಕೀಯ ಇತಿಹಾಸ ಆಳುವವರನ್ನು ಬದಲಿಸುತ್ತ ಹೋದರೂ ಅಡುಗೆಮನೆಯ ಇತಿಹಾಸ ನಿಧಾನವಾಗಿ ಹರಿಯುತ್ತದೆ ಎಂಬ ಅಟ್ಲಿಯ ಒಳನೋಟವನ್ನು ಮುಂದಿನ ಲೇಖಕಿಯರು ಅನೇಕರು ಬಳಸಿಕೊಂಡರೂ ಇಷ್ಟು ಸಮೃದ್ಧವಾಗಿ ಬಳಸಿದವರು ಕಡಿಮೆ. ಬಿ.ಬಿ.ಸಿ. 1978ರಲ್ಲಿ ಈ ಕಾದಂಬರಿಯನ್ನು ಟೆಲಿವಿಷನ್ ಧಾರಾವಾಹಿಯಾಗಿ ಪ್ರಸಾರಮಾಡಿತು.

ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಫಿಲಿಪಾ ಪಿಯರ್ಸ್‌ಳ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’ (1958), ಪೆನೆಲೊಪಿ ಫಾರ್ಮರ್‌ಳ ‘ಷಾರ್ಲೆಟ್ ಸಮ್‌ಟೈಮ್ಸ್’ (1969) ಎಂಬ ಎರಡು ಕೃತಿಗಳು ಈ ದಾರಿಯನ್ನು ವಿಸ್ತರಿಸಿದವು. ಮೊದಲನೆಯದರಲ್ಲಿ ಹಜಾರದ ಹಳೆಯ ಗಡಿಯಾರ ಹದಿಮೂರು ಹೊಡೆದಾಗ ತೆರೆಯುವ ತೋಟದಲ್ಲಿ ಟಾಮ್ ಎಂಬ ಹುಡುಗ ವಿಕ್ಟೋರಿಯಾ ಕಾಲದ ಹ್ಯಾಟಿಯನ್ನು ಕಾಣುತ್ತಾನೆ. ಅವನು ಇದ್ದಷ್ಟೇ ಇರುವಾಗ ಅವಳು ಬೆಳೆದು ದೊಡ್ಡವಳಾಗುತ್ತಾಳೆ. ಎರಡನೆಯದರಲ್ಲಿ ವಸತಿಶಾಲೆಯ ಮಂಚವೊಂದರಲ್ಲಿ ಮಲಗಿದ ಹುಡುಗಿ 1918ರಲ್ಲಿ ಏಳುತ್ತಾಳೆ. ಎರಡೂ ಮಕ್ಕಳ ಕಾದಂಬರಿಗಳೇ ಆದುದರಿಂದ ಪ್ರೇಮ ಅವುಗಳ ವಸ್ತುವಲ್ಲ, ಗೆಳೆತನ ಮತ್ತು ತನ್ನತನ ವಸ್ತು.

ಹರೆಯದವರ ಪ್ರಕಾರವಾಗಿ ಇದು ಪೂರ್ಣರೂಪ ಪಡೆದದ್ದು ಆಸ್ಟ್ರೇಲಿಯಾದ ರೂತ್ ಪಾರ್ಕ್ ಬರೆದ ‘ಪ್ಲೇಯಿಂಗ್ ಬೀಟಿ ಬೋ’ (1980) ಕಾದಂಬರಿಯಲ್ಲಿ. ಪಾರ್ಕ್ (1917–2010) ನ್ಯೂಜಿಲೆಂಡಿನಲ್ಲಿ ಹುಟ್ಟಿ 1942ರಲ್ಲಿ ಸಿಡ್ನಿಗೆ ಬಂದು ನೆಲೆಸಿದವಳು. ಆ ನಗರದ ಬಡವರ ಕೇರಿಯನ್ನು ಕುರಿತ ‘ದಿ ಹಾರ್ಪ್ ಇನ್ ದಿ ಸೌತ್’ (1948) ಅವಳಿಗೆ ಹೆಸರು ತಂದ ಕೃತಿ, 1973ರಲ್ಲಿ ಆಕೆ ಸಿಡ್ನಿಗೆ ಒಂದು ಮಾರ್ಗದರ್ಶಿ ಪುಸ್ತಕವನ್ನೂ ಬರೆದಳು. ಕಾದಂಬರಿ ನಡೆಯುವ ದಿ ರಾಕ್ಸ್ ಎಂಬ ಪ್ರದೇಶ ಸಿಡ್ನಿ ಬಂದರಿನ ದಂಡೆಯ ಬಂಡೆಗಲ್ಲಿನ ಮೇಲಿದ್ದು, ಯುರೋಪಿಯನ್ ವಸಾಹತಿನ ಅತಿ ಹಳೆಯ ಕೇರಿಗಳಲ್ಲೊಂದು. 1900ರ ಪ್ಲೇಗಿನ ನಂತರ ಅಲ್ಲಿನ ಅನೇಕ ಮನೆಗಳನ್ನು ಸರ್ಕಾರ ಕೆಡವಿತು. 1923ರಿಂದ 1932ರವರೆಗೆ ನಡೆದ ಬಂದರು ಸೇತುವೆಯ ನಿರ್ಮಾಣಕ್ಕಾಗಿ ಬೀದಿಗಳೇ ಅಳಿದವು. ಉಳಿದುದನ್ನು 1970ರ ದಶಕದಲ್ಲಿ ಕೆಡವಿ ಎತ್ತರದ ಕಟ್ಟಡಗಳನ್ನು ಕಟ್ಟಲು ಹೊರಟಾಗ, ಜ್ಯಾಕ್ ಮಂಡಿಯ ನೇತೃತ್ವದ ಕಟ್ಟಡ ಕಾರ್ಮಿಕರ ಸಂಘವು ಅಲ್ಲಿ ಕೆಲಸಮಾಡಲು ನಿರಾಕರಿಸಿ, ಗ್ರೀನ್ ಬ್ಯಾನ್ ಎಂದು ಹೆಸರಾದ ಆ ಬಹಿಷ್ಕಾರದ ಮೂಲಕ ಕೇರಿಯನ್ನು ಉಳಿಸಿತು. ಹೋರಾಟ ಮುಗಿದ ಕೆಲವೇ ವರ್ಷಗಳಲ್ಲಿ ಬಂದ ಈ ಕಾದಂಬರಿಯ ನಾಯಕಿ ಅಬಿಗೇಲ್, ಹಳೆಯ ಕೇರಿಯ ಮೇಲೆ ಎದ್ದ ಬಹುಮಹಡಿ ಕಟ್ಟಡವೊಂದರಲ್ಲಿ ವಾಸಿಸುವ ಹದಿನಾಲ್ಕರ ಹುಡುಗಿ ಎಂಬುದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಅಬಿಗೇಲ್‌ಳ ತಂದೆ ಬೇರೊಬ್ಬಳಿಗಾಗಿ ಮನೆ ಬಿಟ್ಟುಹೋಗಿದ್ದಾನೆ. ಈಗ ಮರಳಿ ಬರಬಯಸುತ್ತಾನೆ, ತಾಯಿಯೂ ಒಪ್ಪುವಂತಿದ್ದಾಳೆ. ಅವನನ್ನು ತಾಯಿ ಹೇಗೆ ಕ್ಷಮಿಸಬಲ್ಲಳೆಂಬುದು ಮಗಳಿಗೆ ಅರ್ಥವಾಗದು. ಆಟದ ಬಯಲಿನಲ್ಲಿ ಮಕ್ಕಳು ‘ಬೀಟಿ ಬೋ’ ಎಂಬ ದೆವ್ವದ ಆಟ ಆಡುವಾಗ ದೂರ ನಿಂತು ನೋಡುವ, ಕೂದಲು ಕತ್ತರಿಸಿದ ಪುಟ್ಟ ಹುಡುಗಿಯೊಬ್ಬಳನ್ನು ಅಬಿಗೇಲ್ ಹಿಂಬಾಲಿಸಿ, ಓಣಿಗಳನ್ನು ದಾಟುತ್ತ 1873ರ ರಾಕ್ಸ್‌ಗೆ ಬಂದುಬಿಡುತ್ತಾಳೆ. ಆ ಹುಡುಗಿಯೇ ಬೀಟಿ. ಟೈಫಾಯ್ಡ್ ಜ್ವರ ಬಂದಿದ್ದರಿಂದ ಅವಳ ಕೂದಲನ್ನು ಕತ್ತರಿಸಲಾಗಿತ್ತು. ಅಬಿಗೇಲ್‌ಳನ್ನು ಅಲ್ಲಿಗೆ ಎಳೆದದ್ದು ಅವಳು ತೊಟ್ಟ ಹಳೆಯ ಉಡುಪಿಗೆ ಹೊಲಿದಿದ್ದ ಕ್ರೋಶಾ ಹೆಣಿಗೆಯ ತುಂಡು. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಂದ ವಲಸೆ ಬಂದ ಆ ಕುಟುಂಬದಲ್ಲಿ ಮುಂದಾಗುವುದನ್ನು ಕಾಣುವ ಶಕ್ತಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಅಜ್ಜಿ ಟ್ಯಾಲಿಸ್ಕರ್, ಆ ಶಕ್ತಿಯನ್ನು ಉಳಿಸಲು ಬರಬೇಕಾದ ಅಪರಿಚಿತೆ ಇವಳೇ ಎಂದು ನಂಬಿದ್ದರಿಂದ, ಕೆಲಸ ಮುಗಿಯುವವರೆಗೆ ಅವಳನ್ನು ಬಿಟ್ಟುಕೊಡದಿರಲು ಮನೆಯವರು ಉಡುಪನ್ನೇ ಬಚ್ಚಿಡುತ್ತಾರೆ. ಹೀಗೆ ಒಂದು ಕಾಲದಿಂದ ಇನ್ನೊಂದಕ್ಕೆ ಸುಮ್ಮನೆ ಓಡಾಡುವ ಅವಕಾಶ ತಪ್ಪಿ, ತೆರೆದ ಚರಂಡಿಯ ನಾತ, ದೀಪದೆಣ್ಣೆಯ ಹೊಗೆ, ಜ್ವರ ಬಂದರೆ ಸಾವೇ ಎಂಬ ಭಯ ತುಂಬಿದ ಕೇರಿಯಲ್ಲಿ ಅವಳು ಬದುಕಲೇಬೇಕಾಗುತ್ತದೆ. ಕ್ರಿಮಿಯಾ ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದು ಆಗಾಗ ಬುದ್ಧಿ ಕೆಡುವ ಮಿಠಾಯಿ ಅಂಗಡಿಯ ತಂದೆ ಬೋ, ಸದಾ ತನ್ನ ಶವಯಾತ್ರೆಯ ಕನಸು ಕಾಣುವ ರೋಗಿಷ್ಠ ತಮ್ಮ ಗಿಬ್ಬಿ, ಹೆಣ್ಣಿಗೆ ಓದೇಕೆಂದು ಕೇಳುವ ಲೋಕದೊಡನೆ ಜಗಳಕ್ಕೆ ನಿಂತ ಬೀಟಿ, ಇವರಲ್ಲಿ ಒಬ್ಬರೂ ಹಿನ್ನೆಲೆಗಾಗಿ ತಂದಿಟ್ಟ ಪಾತ್ರಗಳಲ್ಲ.

ಬೀಟಿಯ ಅಣ್ಣ, ನಾವಿಕ ಜೂಡಾ, ಕುಂಟಿಯಾದ ಡವಿ ಎಂಬ ಹುಡುಗಿಗೆ ಮದುವೆಯ ಮಾತು ಕೊಟ್ಟಿರುವವನು. ಅವನ ಮೇಲೆ ಅಬಿಗೇಲ್‌ಳಿಗೆ ಹುಟ್ಟುವ ಪ್ರೀತಿ ಅವಳ ಜೀವನದ ಮೊದಲ ಪ್ರೀತಿ; ಡವಿಯ ಒಳ್ಳೆಯತನವನ್ನು ಹತ್ತಿರದಿಂದ ಕಂಡ ಅವಳು ಅವನನ್ನು ಬಿಟ್ಟುಕೊಟ್ಟು ತನ್ನ ಕಾಲಕ್ಕೆ ಮರಳುತ್ತಾಳೆ. ಜೂಡಾ ಹೆಚ್ಚು ದಿನ ಬದುಕದೆ ಸಮುದ್ರದ ಪಾಲಾದನೆಂಬುದು ಅವಳಿಗೆ ತಿಳಿಯುವುದು ಆಮೇಲೆ. ಬಿಟ್ಟುಕೊಟ್ಟದ್ದರ ಅರ್ಥವೇ ಆಗ ಬದಲಾಗುತ್ತದೆ, ಆದರೆ ಅದು ವ್ಯರ್ಥವಾಗುವುದಿಲ್ಲ. ಒಬ್ಬರನ್ನು ಪ್ರೀತಿಸುವುದೆಂದರೇನೆಂದು ತಾನೇ ಅನುಭವಿಸಿದ ಮೇಲೆ ಅವಳು ತಾಯಿಯನ್ನು ಅರಿಯಬಲ್ಲಳು, ಸಿಡ್ನಿ ಬಿಟ್ಟು ತಂದೆತಾಯಿಯರೊಡನೆ ಹೋಗಲು ಒಪ್ಪಬಲ್ಲಳು. ಇತಿಹಾಸ, ಪ್ರೇಮ, ಬೆಳೆಯುವಿಕೆ ಮೂರೂ ಇಲ್ಲಿ ಒಂದೇ ಘಟನೆಯಾಗುತ್ತವೆ. ವರ್ಷಗಳ ನಂತರ ಸಿಡ್ನಿಗೆ ಮರಳಿದಾಗ ಜೂಡಾನನ್ನೇ ಹೋಲುವ, ಬೋ ಮನೆತನದ ರಾಬರ್ಟ್ ಎಂಬ ತರುಣ ಅವಳಿಗೆ ಎದುರಾಗುತ್ತಾನೆ. ಈ ಮುಕ್ತಾಯ ತೀರ ಅನುಕೂಲಕರವೆಂಬ ಆಕ್ಷೇಪ ಸಾಧುವಾದುದೇ. ಆದರೂ ಆ ವಂಶ ಉಳಿದದ್ದು ಬೆಂಕಿಬಿದ್ದ ಮನೆಯಿಂದ ಗಿಬ್ಬಿಯನ್ನು ಅಬಿಗೇಲ್ ಕಾಪಾಡಿದ್ದರಿಂದ ಎಂಬ ಅಂಶ ಅದಕ್ಕೆ ಒಂದು ನ್ಯಾಯವನ್ನು ಒದಗಿಸಿದೆ. ಆಸ್ಟ್ರೇಲಿಯಾದ ಮಕ್ಕಳ ಪುಸ್ತಕ ಮಂಡಳಿಯ 1981ರ ವರ್ಷದ ಪುಸ್ತಕ ಪ್ರಶಸ್ತಿಯನ್ನು ಪಡೆದ ಈ ಕೃತಿ 1986ರಲ್ಲಿ ಚಲನಚಿತ್ರವಾಯಿತು. 2021ರಲ್ಲಿ ಸಿಡ್ನಿ ಥಿಯೇಟರ್ ಕಂಪನಿ ಕೇಟ್ ಮುಲ್ವನಿಯ ರೂಪಾಂತರದಲ್ಲಿ ಇದನ್ನು ರಂಗಕ್ಕೆ ತಂದಿತು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬಂದ ಎರಡು ಕೃತಿಗಳು ಪ್ರೇಮಕ್ಕೆ ಬೆನ್ನುಹಾಕಿ, ಹಿಂದಿನ ಕಾಲವೆಂದರೆ ಕೆಲವರಿಗೆ ನರಕವೆಂಬುದನ್ನು ನೆನಪಿಸಿದವು. ಆಕ್ಟೇವಿಯಾ ಬಟ್ಲರ್‌ಳ ‘ಕಿಂಡ್ರೆಡ್’ (1979) ವಯಸ್ಕರಿಗಾಗಿ ಬರೆದದ್ದಾದರೂ ಅಮೆರಿಕದ ಪ್ರೌಢಶಾಲೆಗಳಲ್ಲಿ ಪಾಠವಾಗಿ ಓದಿಸಲ್ಪಡುತ್ತದೆ. 1976ರ ಲಾಸ್ ಏಂಜಲೀಸಿನ ಕಪ್ಪು ಲೇಖಕಿ ಡೇನಾ, ಗುಲಾಮಗಿರಿಯ ಮೇರಿಲೆಂಡಿಗೆ ಮತ್ತೆಮತ್ತೆ ಎಳೆಯಲ್ಪಟ್ಟು, ತನ್ನ ವಂಶದ ಮೂಲಪುರುಷನಾದ ಬಿಳಿಯ ಒಡೆಯನ ಪ್ರಾಣ ಉಳಿಸಬೇಕಾಗುತ್ತದೆ. ಕೊನೆಯ ಬಾರಿ ಮರಳುವಾಗ ಅವಳ ಒಂದು ತೋಳು ಉಳಿಯುವುದಿಲ್ಲ. ಜೇನ್ ಯೋಲನ್‌ಳ ‘ದಿ ಡೆವಿಲ್ಸ್ ಅರಿತ್ಮೆಟಿಕ್’ (1988) ಹಿರಿಯರ ಹಳೆಯ ನೆನಪುಗಳಿಂದ ಬೇಸತ್ತ ಯಹೂದಿ ಹುಡುಗಿಯೊಬ್ಬಳನ್ನು ಹಬ್ಬದ ಊಟದ ನಡುವೆ 1942ರ ಪೋಲೆಂಡಿಗೂ ಅಲ್ಲಿಂದ ನಾಜಿ ಶಿಬಿರಕ್ಕೂ ಒಯ್ಯುತ್ತದೆ. ಡಯಾನಾ ಗ್ಯಾಬಲ್ಡನ್‌ಳ ‘ಔಟ್‌ಲ್ಯಾಂಡರ್’ (1991) ಪ್ರೇಮವನ್ನು ಮತ್ತೆ ಮುಂದಕ್ಕೆ ತಂದಿತು: ಎರಡನೆಯ ಮಹಾಯುದ್ಧದ ದಾದಿ ಕ್ಲೇರ್, 1743ರ ಸ್ಕಾಟ್ಲೆಂಡಿಗೆ ಹೋಗಿ, 1746ರ ಕಲೋಡನ್ ಕದನದಲ್ಲಿ ಅಲ್ಲಿನ ಕುಲಗಳು ನಾಶವಾಗುವುದನ್ನು ಬಲ್ಲವಳಾಗಿಯೇ ಅವರಲ್ಲೊಬ್ಬನನ್ನು ಮದುವೆಯಾಗುತ್ತಾಳೆ. ಅದೂ ವಯಸ್ಕರ ಕೃತಿಯೇ. ಆದರೆ ಅದರ ಜನಪ್ರಿಯತೆ, ಇತಿಹಾಸ ಮತ್ತು ಶೃಂಗಾರ ಕೂಡಿದ ಕಾಲಯಾನದ ಕಥೆಗೆ ದೊಡ್ಡ ಓದುಗವರ್ಗವಿದೆಯೆಂಬುದನ್ನು ಪ್ರಕಾಶಕರಿಗೆ ತೋರಿಸಿತು.

ಹರೆಯದವರ ಓದಿನಲ್ಲಿ ಈ ಜನಪ್ರಿಯತೆಯನ್ನು ಸಾಧಿಸಿದ್ದು ಜರ್ಮನಿಯ ಕೆರ್ಸ್ಟಿನ್ ಗೀರ್. ‘ರೂಬಿನ್‌ರೋಟ್’ (2009), ‘ಸಫೀರ್‌ಬ್ಲಾವ್’ (2010), ‘ಸ್ಮರಾಗ್ಡ್‌ಗ್ರೂನ್’ (2010) ಎಂಬ ಮೂರು ಭಾಗಗಳ, ರತ್ನತ್ರಯವೆಂದು ಕರೆಯಬಹುದಾದ ಆ ಕಾದಂಬರಿಮಾಲೆಯನ್ನು ಆಂತಿಯಾ ಬೆಲ್ 2011ರಿಂದ ಇಂಗ್ಲಿಷಿಗೆ ತಂದಳು. ಮೂರೂ 2013, 2014, 2016ರಲ್ಲಿ ಜರ್ಮನ್ ಚಲನಚಿತ್ರಗಳಾದವು. ಲಂಡನ್ನಿನಲ್ಲಿ ನಡೆಯುವ ಈ ಕಥೆಯಲ್ಲಿ ಕಾಲಯಾನದ ಶಕ್ತಿ ವಂಶಪಾರಂಪರ್ಯವಾದುದು, ಎರಡು ಮನೆತನಗಳ ಹನ್ನೆರಡು ಜನರಿಗೆ ಮಾತ್ರ ಬರುವಂಥದು. ಸೋದರಸಂಬಂಧಿ ಷಾರ್ಲೆಟ್‌ಳಿಗೆ ಅದು ಬರುತ್ತದೆಂದು ಮನೆಯವರು ಹುಟ್ಟಿದಂದಿನಿಂದ ಅವಳಿಗೆ ಕತ್ತಿವರಸೆ, ನೃತ್ಯ, ಭಾಷೆ, ಇತಿಹಾಸಗಳನ್ನು ಕಲಿಸಿರುವಾಗ, ಏನನ್ನೂ ಕಲಿಯದ ಹದಿನಾರರ ಗ್ವೆಂಡೊಲಿನ್ ಒಂದು ದಿನ ತಲೆಸುತ್ತಿ ಹಳೆಯ ಕಾಲದ ಬೀದಿಯಲ್ಲಿ ಬೀಳುತ್ತಾಳೆ. ಕ್ರೋನೋಗ್ರಾಫ್ ಎಂಬ ಯಂತ್ರಕ್ಕೆ ಒಂದು ಹನಿ ರಕ್ತ ಕೊಟ್ಟು, ಗೊತ್ತಾದ ಇಸವಿಗೆ ಗೊತ್ತಾದ ಅವಧಿಗೆ ಹೋಗಿಬರದಿದ್ದರೆ ಇಂಥ ಜಿಗಿತಗಳು ಹತೋಟಿ ತಪ್ಪಿ ಬರುತ್ತವೆ. ಆದ್ದರಿಂದ ಅವಳು ದಿನವೂ ಕೆಲವು ಗಂಟೆಗಳನ್ನು ಹಳೆಯ ನೆಲಮಾಳಿಗೆಯೊಂದರಲ್ಲಿ, ಏನೂ ನಡೆಯದ ಯಾವುದೋ ವರ್ಷದಲ್ಲಿ ಕಳೆಯಬೇಕು. ಸಾಹಸವನ್ನು ಹೀಗೆ ದಿನಚರಿಯ ಕೆಲಸವಾಗಿ ಮಾಡಿದ್ದು ಗೀರ್‌ಳ ಸ್ವಂತದ ಸೊಗಸು. ಅಂಥದೊಂದು ಭೇಟಿಯಲ್ಲಿ ತೀರಿಹೋದ ತನ್ನ ತಾತ ಲ್ಯೂಕಸ್‌ನನ್ನು 1948ರ ತರುಣನಾಗಿ ಕಂಡು, ತಾನು ನಿನ್ನ ಮೊಮ್ಮಗಳೆಂದು ಅವನಿಗೆ ನಂಬಿಸಿ, ಇಬ್ಬರೂ ಸೇರಿ ಯೋಜನೆ ಹೂಡುವ ಭಾಗ ಇಡೀ ಮಾಲೆಯ ಅತ್ಯಂತ ಮನಮುಟ್ಟುವ ಭಾಗ.

ಐತಿಹಾಸಿಕ ಸಾಮಗ್ರಿಯನ್ನು ಗೀರ್ ಬಳಸುವ ಬಗೆ ಅಟ್ಲಿ, ಪಾರ್ಕ್‌ರದ್ದಕ್ಕಿಂತ ಹಗುರವಾದುದು. ಹದಿನೆಂಟನೆಯ ಶತಮಾನದ ನಿಜವಾದ ನಿಗೂಢ ವ್ಯಕ್ತಿ, ತಾನು ಅತಿದೀರ್ಘಾಯುಷಿಯೆಂಬ ವದಂತಿ ಹಬ್ಬಲು ಬಿಟ್ಟಿದ್ದ, 1784ರಲ್ಲಿ ತೀರಿಕೊಂಡ ಸೇಂಟ್ ಜರ್ಮೇನ್ ಕೌಂಟನನ್ನು ಆಕೆ ಗುಪ್ತಸಂಘದ ಸ್ಥಾಪಕನಾಗಿ, ಖಳನಾಗಿ ಚಿತ್ರಿಸಿದ್ದಾಳೆ. ಆಯಾ ಕಾಲಕ್ಕೆ ತಕ್ಕ ಉಡುಪನ್ನು ಹೊಲಿಯುವ ಮದಾಮ್ ರೊಸಿನಿ, ಬೀಸಣಿಗೆ ಹಿಡಿಯುವುದನ್ನೂ ಬಾಗಿ ವಂದಿಸುವುದನ್ನೂ ಕಲಿಸುವ ಶಿಕ್ಷಕ, ಗೆಳತಿ ಲೆಸ್ಲಿ ಗೂಗಲಿನಲ್ಲಿ ಹುಡುಕಿ ಕೊಡುವ ಮಾಹಿತಿ, ಇವುಗಳ ಮೂಲಕ ಒಂದು ಕಾಲವನ್ನು ಪ್ರವೇಶಿಸಲು ಎಷ್ಟು ಸಂಗತಿಗಳನ್ನು ಕಲಿಯಬೇಕೆಂಬುದು ಓದುಗರಿಗೆ ಆಟದಂತೆ ತಿಳಿಯುತ್ತದೆ. ಪ್ರೇಮದ ಚಿತ್ರಣದಲ್ಲಿ ಮಾತ್ರ ಗೀರ್ ಗಂಭೀರವಾದ ಪ್ರಶ್ನೆ ಎತ್ತುತ್ತಾಳೆ. ಸಹಯಾತ್ರಿಕ ಗಿಡಿಯನ್ ಮೊದಲು ಅವಳನ್ನು ಒಲಿಸಿಕೊಳ್ಳುವುದು ಕೌಂಟನ ಸೂಚನೆಯಂತೆ. ಒಲಿದ ಹೆಣ್ಣನ್ನು ಬೇಕಾದಂತೆ ನಡೆಸಬಹುದೆಂಬುದು ಆ ಹಳೆಯ ಕಾಲದವನ ಲೆಕ್ಕಾಚಾರ. ಅದು ತಿಳಿದಾಗ ಗ್ವೆಂಡೊಲಿನ್ ಪಡುವ ಯಾತನೆಗೆ ಎರಡನೆಯ ಭಾಗದ ಕೊನೆಯೂ ಮೂರನೆಯ ಭಾಗದ ಆರಂಭವೂ ಮೀಸಲಾಗಿವೆ. ಗಿಡಿಯನ್‌ನ ಒಲವು ನಂತರ ನಿಜವಾಗುತ್ತದಾದರೂ, ಪ್ರೀತಿಯನ್ನು ಹತೋಟಿಯ ಉಪಾಯವಾಗಿ ಬಳಸುವವರಿದ್ದಾರೆ ಎಂಬ ಎಚ್ಚರವನ್ನು ಜನಪ್ರಿಯ ಕಥೆಯೊಂದು ಹದಿಹರೆಯದವರ ಮುಂದಿಟ್ಟಿರುವುದು ಮೆಚ್ಚತಕ್ಕ ವಿಷಯ.

‘ಕಿಂಡ್ರೆಡ್’ ಒಂದನ್ನು ಬಿಟ್ಟರೆ ಈ ಎಲ್ಲ ಕಥೆಗಳಲ್ಲೂ ನಾಯಕಿ ಬಿಳಿಯಳು, ಆದ್ದರಿಂದಲೇ ಹಳೆಯ ಯುರೋಪಿನಲ್ಲಿ ಉಡುಪು ಬದಲಿಸಿದಷ್ಟರಿಂದ ಜನರ ನಡುವೆ ಬೆರೆಯಬಲ್ಲಳು ಎಂಬುದನ್ನು 2016ರಲ್ಲಿ ಬಂದ ಎರಡು ಅಮೆರಿಕನ್ ಕೃತಿಗಳು ಮುನ್ನೆಲೆಗೆ ತಂದವು. ಅಲೆಕ್ಸಾಂಡ್ರಾ ಬ್ರ್ಯಾಕನ್‌ಳ ‘ಪ್ಯಾಸೆಂಜರ್’ನಲ್ಲಿ ನ್ಯೂಯಾರ್ಕಿನ ಪಿಟೀಲುವಾದಕಿ ಎಟಾ 1776ರ ಹಡಗೊಂದರಲ್ಲಿ ಕಣ್ಣುತೆರೆದು, ಗುಲಾಮಳ ಮಗನಾಗಿ ಹುಟ್ಟಿ ಬಿಡುಗಡೆ ಪಡೆದ ನಾವಿಕ ನಿಕೊಲಸ್‌ನನ್ನು ಕಾಣುತ್ತಾಳೆ, ಬಾಂಬುಗಳ ಸುರಿಮಳೆಯ ಲಂಡನ್, ಹದಿನಾರನೆಯ ಶತಮಾನದ ಡಮಾಸ್ಕಸ್ ಮುಂತಾಗಿ ಅವರು ಹಾಯುವ ಒಂದೊಂದು ಕಾಲದಲ್ಲೂ ಇಬ್ಬರೂ ಒಟ್ಟಿಗೆ ನಡೆಯಬಹುದೇ, ಒಂದೇ ಮೇಜಿನಲ್ಲಿ ಕೂರಬಹುದೇ ಎಂಬುದು ಬೇರೆಬೇರೆ. ಹೈಡಿ ಹೈಲಿಗ್‌ಳ ‘ದಿ ಗರ್ಲ್ ಫ್ರಮ್ ಎವ್ರಿವೇರ್’ ಹವಾಯಿ ದ್ವೀಪಗಳ ಕಥೆ. ನಿಕ್ಸ್ ಎಂಬ ಹುಡುಗಿಯ ತಂದೆ, ಭೂಪಟದ ಬಲದಿಂದ ಯಾವ ಕಾಲಕ್ಕಾದರೂ ಸಾಗುವ ಹಡಗಿನ ನಾಯಕ. 1868ರ ಹೊನೊಲುಲುವಿನಲ್ಲಿ ತೀರಿಹೋದ ಹೆಂಡತಿಯನ್ನು ಉಳಿಸಲು ಆ ವರ್ಷದ ಭೂಪಟವನ್ನು ಹುಡುಕುತ್ತಿದ್ದಾನೆ. ಅವನ ಆಸೆ ಕೈಗೂಡಿದರೆ ನಿಕ್ಸ್ ಎಂಬವಳು ಇರುತ್ತಾಳೆಯೇ ಎಂಬುದು ಯಾರಿಗೂ ಗೊತ್ತಿಲ್ಲ. ತಾತನ ವಿರೋಧಾಭಾಸವೆಂಬ ತರ್ಕದ ತೊಡಕನ್ನು ಮಗಳೊಬ್ಬಳ ಎದೆಯ ಭಯವಾಗಿ ಮಾರ್ಪಡಿಸಿದ ಇಷ್ಟು ಸಮರ್ಥವಾದ ಕಲ್ಪನೆ ಪ್ರಕಾರದಲ್ಲಿ ವಿರಳ. ಹಡಗು ಬಂದು ತಲುಪುವುದು 1884ಕ್ಕೆ, ರಾಜ ಕಲಾಕೌವನ ಕಾಲಕ್ಕೆ. 1893ರಲ್ಲಿ ಆ ರಾಜ್ಯ ಉರುಳಿ 1898ರಲ್ಲಿ ಅಮೆರಿಕದ ವಶವಾಗುವುದನ್ನು ಬಲ್ಲವರ ಕಣ್ಣಿಂದ ಓದುಗರು ಆ ದ್ವೀಪವನ್ನು ನೋಡುತ್ತಾರೆ.

ಪ್ರಕಾರದ ಮೇಲಿರುವ ಮುಖ್ಯ ಆಕ್ಷೇಪ, ಪ್ರೇಮವು ಇತಿಹಾಸವನ್ನು ಅಲಂಕರಿಸಿ ಸುಳ್ಳಾಗಿಸುತ್ತದೆ ಎಂಬುದು. ರೇಷ್ಮೆಯ ಉಡುಪು, ಕುದುರೆ ಗಾಡಿ, ದೀಪಗಳ ಸಾಲಿನ ನೃತ್ಯಶಾಲೆಗಳು ಬಂದು, ಹಲ್ಲುನೋವು, ಹೆರಿಗೆಯ ಸಾವು, ಮನೆಗೆಲಸದವರ ದುಡಿಮೆಗಳು ಮರೆಯಾದ ಕೃತಿಗಳ ಮಟ್ಟಿಗೆ ಈ ಮಾತು ನಿಜ. ನಾಯಕಿಯ ಇಂದಿನ ವಿಚಾರಗಳೆಲ್ಲ ಸರಿ, ಅಂದಿನವರದೆಲ್ಲ ಮೌಢ್ಯ ಎಂಬ ಧೋರಣೆಯೂ ಇಂಥ ಕೃತಿಗಳಲ್ಲಿ ಸಾಮಾನ್ಯವಾದ ದೋಷ. ಭಾಷೆ ಮತ್ತೊಂದು ಕಷ್ಟ: ನಾನೂರು ವರ್ಷದ ಹಿಂದಿನ ನುಡಿ ಇಂದಿನವಳಿಗೆ ಅಷ್ಟು ಸಲೀಸಾಗಿ ತಿಳಿಯುವುದು ಹೇಗೆಂಬುದನ್ನು ಬಹುತೇಕ ಲೇಖಕರು ಕೇಳಿಕೊಳ್ಳುವುದಿಲ್ಲ. ಪಾರ್ಕ್ ಮಾತ್ರ ಬೋ ಮನೆಯವರ ಬಾಯಲ್ಲಿ ಸ್ಕಾಟಿಷ್ ಆಡುನುಡಿಯನ್ನಿಟ್ಟು, ಅಬಿಗೇಲ್ ತಡವರಿಸಿ ಅರ್ಥಮಾಡಿಕೊಳ್ಳುವಂತೆ ಬರೆದಿದ್ದಾಳೆ.

ಏಷ್ಯದಲ್ಲಿ ಪ್ರಕಾರವು ಹೆಚ್ಚಾಗಿ ಚಿತ್ರಕಥೆ ಮತ್ತು ಧಾರಾವಾಹಿಗಳ ಮೂಲಕ ಹಬ್ಬಿತು. ಜಪಾನಿನಲ್ಲಿ ಮಾಂಗಾ ಎಂದು ಕರೆಯುವ ಚಿತ್ರಕಾದಂಬರಿಗಳಲ್ಲಿ, 1976ರಲ್ಲಿ ಆರಂಭವಾದ ಹೊಸೊಕಾವಾ ಚಿಯೆಕೊಳ ‘ಓಕೆ ನೊ ಮೊನ್‌ಶೋ’ ಅಮೆರಿಕದ ಹುಡುಗಿಯೊಬ್ಬಳನ್ನು ಪ್ರಾಚೀನ ಈಜಿಪ್ಟಿನ ಫೆರೋನ ಆಸ್ಥಾನಕ್ಕೆ ಒಯ್ದಿತು. ಷಿನೊಹರಾ ಚಿಯೆಳ, 1995ರಿಂದ 2002ರವರೆಗೆ ನಡೆದ ಚಿತ್ರಕಾದಂಬರಿಯೊಂದರಲ್ಲಿ ಯೂರಿ ಎಂಬ ವಿದ್ಯಾರ್ಥಿನಿ ಹಿಟೈಟ್ ಸಾಮ್ರಾಜ್ಯಕ್ಕೆ ಹೋಗಿ, ಅಲ್ಲಿನ ರಾಜಕುಮಾರನನ್ನು ವರಿಸಿ ಅಲ್ಲಿಯೇ ಉಳಿಯುತ್ತಾಳೆ. ಇಂಗ್ಲಿಷ್ ಸಂಪ್ರದಾಯದ ನಾಯಕಿ ಸಾಮಾನ್ಯವಾಗಿ ಮರಳುತ್ತಾಳೆ, ಮರಳಿ ತನ್ನ ಮನೆಯ ಬದುಕನ್ನು ಸರಿಪಡಿಸಿಕೊಳ್ಳುತ್ತಾಳೆ. ಇಲ್ಲಿ ಹಿಂದಿನ ಕಾಲವೇ ಅತ್ತೆಮನೆಯಾಗುತ್ತದೆ. ಚೀನಾದ ಟಾಂಗ್ ಹುವಾ 2005ರಲ್ಲಿ ಅಂತರಜಾಲದಲ್ಲಿ ಪ್ರಕಟಿಸಿದ ‘ಬು ಬು ಜಿಂಗ್ ಷಿನ್’ ಇತಿಹಾಸವನ್ನು ಬಲ್ಲವಳ ದುರಂತವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಕಾಂಗ್‌ಷಿ ಚಕ್ರವರ್ತಿಯ ಆಸ್ಥಾನದ ತರುಣಿಯ ದೇಹದಲ್ಲಿ ಎಚ್ಚರಗೊಂಡ ಇಂದಿನ ಉದ್ಯೋಗಸ್ಥೆ, ನಾಲ್ಕನೆಯ ರಾಜಕುಮಾರನೇ 1722ರಲ್ಲಿ ಸಿಂಹಾಸನ ಏರುತ್ತಾನೆಂಬುದನ್ನು ಬಲ್ಲವಳಾಗಿ, ತಾನು ಒಲಿದ ಎಂಟನೆಯ ರಾಜಕುಮಾರನಿಗೆ ಅವನಿಂದ ಜೋಪಾನವೆಂದು ಎಚ್ಚರಿಸುತ್ತಾಳೆ. ಆ ಎಚ್ಚರಿಕೆಯೇ ಅಣ್ಣತಮ್ಮಂದಿರ ವೈರವನ್ನು ಹೆಚ್ಚಿಸಿ, ಅವಳು ತಡೆಯಬಯಸಿದ ನಾಶಕ್ಕೆ ಕಾರಣವಾಗುತ್ತದೆ. ಇದರ 2011ರ ಟೆಲಿವಿಷನ್ ಧಾರಾವಾಹಿ ಅಪಾರ ಜನಪ್ರಿಯವಾಯಿತು, 2016ರಲ್ಲಿ ಕೊರಿಯಾದವರು ಅದನ್ನು ತಮ್ಮ ಗೊರ್ಯೊ ರಾಜವಂಶದ ಕಾಲಕ್ಕೆ ಹೊಂದಿಸಿ ಮತ್ತೆ ನಿರ್ಮಿಸಿದರು. ಇದೇ 2011ರಲ್ಲಿ ಚೀನಾದ ಪ್ರಸಾರ ನಿಯಂತ್ರಕರು ಇತಿಹಾಸವನ್ನು ಲಘುವಾಗಿ ಕಾಣುತ್ತವೆಂಬ ಕಾರಣಕ್ಕೆ ಕಾಲಯಾನದ ಧಾರಾವಾಹಿಗಳ ಬಗ್ಗೆ ಅಸಮ್ಮತಿ ಸೂಚಿಸಿದ್ದರು.

ಭಾರತದಲ್ಲಿ ಈ ವಸ್ತುವಿನ ಪ್ರಸಿದ್ಧ ನಿದರ್ಶನ ಸಿನಿಮಾದ್ದು. ಕನ್ನಡದ ಪ್ರೇಕ್ಷಕರಿಗೆ ‘ಪುಷ್ಪಕ ವಿಮಾನ’ದಿಂದ ಪರಿಚಿತನಾದ ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ನಿರ್ದೇಶಿಸಿದ ತೆಲುಗಿನ ‘ಆದಿತ್ಯ 369’ರಲ್ಲಿ ತರುಣ ಪ್ರೇಮಿಗಳಿಬ್ಬರು ಕಾಲಯಂತ್ರ ಏರಿ ಕೃಷ್ಣದೇವರಾಯನ ವಿಜಯನಗರಕ್ಕೆ ಬಂದಿಳಿಯುತ್ತಾರೆ. ಪ್ರೇಮಿಗಳು ಇಬ್ಬರೂ ಇಂದಿನವರೇ ಆದ್ದರಿಂದ ಎರಡು ಕಾಲಗಳ ನಡುವಿನ ಒಲವಿನ ಸಂಕಟ ಅಲ್ಲಿ ಹುಟ್ಟುವುದಿಲ್ಲ. 1565ರ ತಾಳೀಕೋಟೆಯ ಕದನದ ನಂತರ ಆ ನಗರಕ್ಕೆ ಒದಗಿದ ಗತಿಯ ನೆರಳೂ ಕಥೆಯ ಮೇಲೆ ಬೀಳುವುದಿಲ್ಲ. ಜಯಂತ ನಾರಳೀಕರರ ‘ದಿ ಅಡ್ವೆಂಚರ್’ ಎಂಬ ಸಣ್ಣಕಥೆ ಎನ್‌.ಸಿ.ಇ.ಆರ್‌.ಟಿ.ಯ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಸೇರಿದ್ದರಿಂದ ಕರ್ನಾಟಕದ ಅನೇಕ ವಿದ್ಯಾರ್ಥಿಗಳೂ ಅದನ್ನು ಓದಿದ್ದಾರೆ. ಇತಿಹಾಸದ ಪ್ರಾಧ್ಯಾಪಕರೊಬ್ಬರು 1761ರ ಪಾಣಿಪತದಲ್ಲಿ ಮರಾಠರು ಗೆದ್ದಿದ್ದ ಬೇರೊಂದು ಭಾರತವನ್ನು ಕಾಣುವ ಆ ಕಥೆ ಕವಲೊಡೆದ ಇತಿಹಾಸದ್ದು, ಅದರ ವಿವರಣೆ ಕ್ವಾಂಟಮ್ ಭೌತಶಾಸ್ತ್ರದ್ದು. ಹೀಗಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಕೇಳುವ ಅಂಥ ಬರವಣಿಗೆ, ಹೀಗೇ ಆಗುತ್ತದೆಂದು ತಿಳಿದೂ ಒಬ್ಬರನ್ನು ಪ್ರೀತಿಸುವವರನ್ನು ಕುರಿತ ಈ ಪ್ರಕಾರಕ್ಕೆ ನೆರೆಯದೇ ಹೊರತು ಅದರ ಭಾಗವಲ್ಲ.